ಬೆಂಚಿನ ಮೇಲಿನ ವಕೀಲರು

ಅಪ್ಪ ಅಮ್ಮ ಇಟ್ಟ ಹೆಸರು ಠಾಣೆಯ ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಸಾಹೇಬರಿಂದ ಹಿಡಿದು ಕಸ ಗುಡಿಸುವವಳವರೆಗೆ ಎಲ್ಲರ ಬಾಯಲ್ಲೂ ಅವನು ಒಂದುಸಿರಪ್ಪ. ಆ ಹೆಸರು ಸುಮ್ಮನೆ ಬಂದದ್ದಲ್ಲ, ದುಡಿದು ಸಂಪಾದಿಸಿದ್ದು. ಯಾರನ್ನೇ ಹಿಡಿದು ತರಲಿ, ವಿಚಾರಣೆಗೆ ಮೊದಲು ಅವರ ಹಕ್ಕುಗಳನ್ನು ಅವರಿಗೆ ಓದಿ ಹೇಳಬೇಕೆಂದು ಕಾನೂನು. ಅದಕ್ಕೆ ಹನ್ನೊಂದು ವಾಕ್ಯಗಳ ಒಂದು ಹಾಳೆ. ಸುಮ್ಮನಿರುವ ಹಕ್ಕು, ಮನೆಯವರಿಗೆ ತಿಳಿಸುವ ಹಕ್ಕು, ತನಗೆ ಬೇಕಾದ ವಕೀಲರನ್ನು ಇಟ್ಟುಕೊಳ್ಳುವ ಹಕ್ಕು, ಅವರು ಬರುವವರೆಗೆ ಏನನ್ನೂ ಹೇಳದಿರುವ ಹಕ್ಕು. ಕೇಳುವ ಮನುಷ್ಯನಿಗೆ ತಿಳಿಯುವ ಹಾಗೆ ಓದಿದರೆ ಎರಡೂವರೆ ನಿಮಿಷ ಬೇಕು. ಒಂದುಸಿರಪ್ಪ ಅದನ್ನು ಇಪ್ಪತ್ತೆರಡು ಸೆಕೆಂಡಿನಲ್ಲಿ ಮುಗಿಸುತ್ತಿದ್ದ, ನಡುವೆ ಒಂದು ಸಲವೂ ಉಸಿರೆಳೆದುಕೊಳ್ಳದೆ.

ಒಂದಕ್ಷರವನ್ನೂ ನುಂಗುತ್ತಿರಲಿಲ್ಲ ಎಂಬುದು ಅವನ ಹೆಮ್ಮೆ. ಪದ ಬಿಟ್ಟಿದ್ದಾನೆಂದು ಯಾವ ಮೇಲಧಿಕಾರಿಯೂ ಬೆರಳು ತೋರಿಸುವ ಹಾಗಿರಲಿಲ್ಲ. ಪದಗಳೆಲ್ಲ ಇರುತ್ತಿದ್ದವು, ಅರ್ಥವೊಂದು ಮಾತ್ರ ಇರುತ್ತಿರಲಿಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದವರನ್ನು ಕರೆತಂದು ಅವನ ಓದು ಕೇಳಿಸುತ್ತಿದ್ದರು, ಒಬ್ಬರು ಗಡಿಯಾರ ಹಿಡಿದುಕೊಂಡು ನಿಲ್ಲುತ್ತಿದ್ದರು. ಹಿಡಿದು ತಂದ ಆರೋಪಿಗಳು ಕಣ್ಣು ಕಣ್ಣು ಬಿಡುತ್ತಿರುವಾಗಲೇ ಒಂದುಸಿರಪ್ಪ ಹಾಳೆಯನ್ನು ಮುಂದೆ ತಳ್ಳಿ ಪೆನ್ನು ಕೊಡುತ್ತಿದ್ದ. ಅವರ ಸಹಿಯ ಕೆಳಗೆ ಅವನ ಸಹಿ. ಅವನ ಸಹಿಯ ಮೇಲೆ ಮೂರು ವಾಕ್ಯಗಳು ಮೊದಲೇ ಅಚ್ಚಾಗಿ ಕೂತಿರುತ್ತಿದ್ದವು: ಓದಿ ವಿವರಿಸಲಾಗಿದೆ. ಆರೋಪಿಗೆ ಅರ್ಥವಾಗಿದೆ. ವಕೀಲರು ಬೇಡವೆಂದಿದ್ದಾನೆ.

ಆ ಠಾಣೆಯಲ್ಲಿ ಇನ್ನೊಂದು ಪದ್ಧತಿಯಿತ್ತು. ಯಾರ ಪರವಾಗಿಯಾದರೂ ವಕೀಲರು ಬಂದರೆ ಕಾರಿಡಾರಿನ ಬೆಂಚಿನ ಮೇಲೆ ಕೂರಬೇಕು. ಒಳಗಿರುವವನು ತನ್ನ ಬಾಯಿಂದಲೇ ‘ನನಗೆ ವಕೀಲರು ಬೇಕು’ ಎಂದರೆ ಮಾತ್ರ ಅವರನ್ನು ಒಳಗೆ ಬಿಡುವುದು. ಹೊರಗೆ ವಕೀಲರು ಕಾದಿದ್ದಾರೆಂದು ಒಳಗಿನವನಿಗೆ ಹೇಳಬೇಕೆಂದು ಎಲ್ಲೂ ಬರೆದಿರಲಿಲ್ಲ. ಹೇಳಬಾರದೆಂದೂ ಬರೆದಿರಲಿಲ್ಲ. ಬರೆಯದೆ ಬಿಟ್ಟ ಕಡೆಯಲ್ಲೆಲ್ಲ ಸಾಹೇಬರಿಗೆ ಯಾವುದು ಅನುಕೂಲವೋ ಅದೇ ಪದ್ಧತಿಯಾಗುತ್ತದೆ, ಇದನ್ನೇನೂ ಬಿಡಿಸಿ ಹೇಳಬೇಕಾಗಿಲ್ಲ.

ಹತ್ತೊಂಬತ್ತು ವರ್ಷಗಳ ಹಿಂದಿನ ಒಂದು ಬೆಳಿಗ್ಗೆ ಒಬ್ಬ ಬೀಗ ರಿಪೇರಿಯವನನ್ನು ಕರೆತಂದರು. ಒಂದು ಗೋದಾಮಿನ ಕಾವಲುಗಾರ ಸತ್ತು ಬಿದ್ದಿದ್ದ. ಗೋದಾಮಿನ ಬೀಗವನ್ನು ಯಾರೂ ಒಡೆದಿರಲಿಲ್ಲ, ನಾಜೂಕಾಗಿ ತೆಗೆದಿದ್ದರು. ಹಿಂದಿನ ದಿನವಷ್ಟೇ ಆ ಬೀಗ ಸರಿಮಾಡಲು ಈತ ಅಲ್ಲಿಗೆ ಹೋಗಿ ಬಂದಿದ್ದ. ಸಾಹೇಬರಿಗೆ ಅಷ್ಟು ಸಾಕಾಯಿತು. ಸುಮಾರು ಮೂವತ್ತರ ವಯಸ್ಸು, ಸಣಕಲು ಆಳು, ಬೆರಳುಗಳಲ್ಲಿ ಗ್ರೀಸು ಕಪ್ಪಗೆ ಕೂತಿತ್ತು. ಕುರ್ಚಿಯ ತುದಿಯಲ್ಲಿ, ಯಾರದೋ ಮನೆಗೆ ಕೆಲಸಕ್ಕೆ ಬಂದವನ ಹಾಗೆ ಕೂತಿದ್ದ.

ಹತ್ತು ಗಂಟೆಗೆ ವಯಸ್ಸಾದ ವಕೀಲರೊಬ್ಬರು ಬಂದು ಬೆಂಚಿನ ಮೇಲೆ ಕೂತರು. ತೊಡೆಯ ಮೇಲೆ ಚರ್ಮದ ಚೀಲ, ಅದರ ಮೇಲೆ ಎರಡೂ ಕೈ. ಒಂದುಸಿರಪ್ಪ ಹಾಳೆ ಹಿಡಿದು ಒಳಗೆ ಹೊರಟಿದ್ದವನು ನಿಲ್ಲಬೇಕಾಯಿತು.

“ಬೀಗದವನಿಗೋಸ್ಕರ ಬಂದಿದ್ದೀನಪ್ಪ,” ಎಂದರು ಅವರು.

“ಅವನು ಕೇಳಿದ್ರೆ ಕರೀತೀವಿ ಸರ್.”

“ಕೇಳೋದು ಹೇಗೆ? ನಾನು ಬಂದಿರೋದೇ ಅವನಿಗೆ ಗೊತ್ತಿಲ್ಲ. ಅವನ ಅಣ್ಣ ಕಳಿಸಿದ್ದಾರೆ. ಇಬ್ಬರೂ ಮಾತು ಬಿಟ್ಟು ಆರು ವರ್ಷ ಆಯ್ತಂತೆ, ಅಮ್ಮನ್ನ ಯಾರು ನೋಡ್ಕೊಂಡ್ರು ಯಾರು ನೋಡ್ಕೊಳ್ಳಲಿಲ್ಲ ಅನ್ನೋ ವಿಷಯಕ್ಕೆ. ಅಣ್ಣ ಕಳಿಸಿದ್ದಾನೆ ಅಂತ ಒಂದು ಮಾತು ಅವನ ಕಿವಿಗೆ ಹಾಕಿ, ಸಾಕು. ಮಿಕ್ಕಿದ್ದನ್ನ ಅವನೇ ಕೇಳ್ತಾನೆ.”

“ನೋಡೋಣ ಸರ್,” ಎಂದು ಒಂದುಸಿರಪ್ಪ ಒಳಗೆ ಹೋದ. ‘ನೋಡೋಣ’ ಎಂಬುದು ಸರ್ಕಾರಿ ಕೆಲಸದಲ್ಲಿರುವವರಿಗೆ ಮೂರನೆಯ ಕೈ ಇದ್ದ ಹಾಗೆ, ಎಂಥದ್ದನ್ನೂ ಅದರಿಂದ ಅತ್ತ ಸರಿಸಬಹುದು.

ಅವತ್ತಿನ ಓದು ಹತ್ತೊಂಬತ್ತು ಸೆಕೆಂಡಿನಲ್ಲಿ ಮುಗಿಯಿತು. ಹಿಂದೆಂದೂ ಅಷ್ಟು ಬೇಗ ಮುಗಿಸಿರಲಿಲ್ಲ. ಬೀಗದವನು ಬಾಯಿ ಸ್ವಲ್ಪ ತೆರೆದುಕೊಂಡು ಕೇಳಿದ, ಮುಗಿದ ಮೇಲೂ ಇನ್ನೂ ಕೇಳುತ್ತಿರುವವನ ಹಾಗೆ ಕೂತಿದ್ದ. ಆಮೇಲೆ ಬಾಗಿಲಿನ ಕಡೆ ಒಮ್ಮೆ ನೋಡಿ ತಗ್ಗಿದ ದನಿಯಲ್ಲಿ ಕೇಳಿದ:

“ನನ್ನ ಕಡೆಯಿಂದ ಯಾರಾದ್ರೂ ಬಂದಿದ್ದಾರಾ?”

ಸಾಹೇಬರು ಕಿಟಕಿಯ ಬಳಿ ಬೆನ್ನು ತಿರುಗಿಸಿ ನಿಂತಿದ್ದರು. ಒಂದುಸಿರಪ್ಪ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಹಾಳೆಯ ಮೇಲೆ ಸಹಿಯ ಜಾಗಕ್ಕೆ ಬೆರಳಿಟ್ಟ. ಬೀಗದವನು ಆ ಬೆರಳನ್ನೇ ಉತ್ತರವೆಂದುಕೊಂಡು ತಲೆ ತಗ್ಗಿಸಿ ಸಹಿ ಹಾಕಿದ. ವಕೀಲರು ಬೇಕೆಂದು ಅವನು ಕೇಳಲಿಲ್ಲವಲ್ಲ, ಯಾರಾದರೂ ಬಂದಿದ್ದಾರಾ ಎಂದಷ್ಟೇ ಕೇಳಿದ್ದು! ಆ ಕಾರಿಡಾರು ದಾಟುವಷ್ಟರಲ್ಲಿ ಒಂದುಸಿರಪ್ಪನ ಮನಸ್ಸು ಈ ಲೆಕ್ಕಾಚಾರವನ್ನು ಮುಗಿಸಿ ಕೈ ತೊಳೆದುಕೊಂಡಿತ್ತು. ಇಪ್ಪತ್ತು ವರ್ಷ ಠಾಣೆಯ ಅನ್ನ ತಿಂದವನಿಗೆ ಮಾತ್ರ ಇಂಥ ಲೆಕ್ಕ ಹೊಳೆಯುತ್ತದೆ.

ಒಳಗೆ ಹೊಡೆತ ಬಡಿತ ಏನೂ ನಡೆಯಲಿಲ್ಲ. ಒಂದೇ ಪ್ರಶ್ನೆಯನ್ನು ಸಾಹೇಬರು ಎಷ್ಟು ಸಲ ಕೇಳಿದರೋ ಅವರಿಗೇ ಗೊತ್ತಿಲ್ಲ. ಒಂದೂವರೆಗೆ ಬೀಗದವನು ಎಲ್ಲದಕ್ಕೂ ಹೌದು ಹೌದು ಎನ್ನತೊಡಗಿದ. ಆಗ ಸಾಹೇಬರು ಒಂದುಸಿರಪ್ಪನನ್ನು ಕರೆದು, ಆ ಮುದುಕರನ್ನು ಮನೆಗೆ ಕಳಿಸು ಎಂದರು. ಒಂದುಸಿರಪ್ಪ ಬೆಂಚಿನ ಬಳಿ ಹೋಗಿ ನಿಂತ. ವಕೀಲರು ಚೀಲ ಹಿಡಿದುಕೊಂಡು ಆಸೆಯಿಂದ ಎದ್ದರು.

“ಅವನಿಗೆ ವಕೀಲರು ಬೇಡವಂತೆ ಸರ್.”

“ಅಣ್ಣ ಕಳಿಸಿದ್ದು ಅಂತ ಹೇಳಿದ್ರಾ?”

“ಹೇಳ್ದೆ ಸರ್. ಆದ್ರೂ ಬೇಡವಂತೆ.”

ವಕೀಲರ ಮುಖ ಸಣ್ಣದಾಯಿತು. ಬೇರೇನೂ ಕೇಳದೆ, ಕಂಬಿ ಹಿಡಿದುಕೊಂಡು ಮೆಟ್ಟಿಲಿಳಿದು ಹೋದರು. ಆಮೇಲೆ ವಿಚಾರಣೆಯಲ್ಲಿ ಬೀಗದವನಿಗೆ ಸರ್ಕಾರವೇ ಒಬ್ಬ ವಕೀಲರನ್ನು ಕೊಟ್ಟಿತು. ಎಲ್ಲ ಒಪ್ಪಿಕೊಂಡು ಬರೆದುಕೊಟ್ಟಾದ ಮೇಲೆ ಬಂದ ವಕೀಲ ತಲೆ ಕೆರೆದುಕೊಳ್ಳುವುದು ಬಿಟ್ಟು ಏನು ಮಾಡಿಯಾನು? ಜೀವಾವಧಿ ಆಯಿತು.

ಸತ್ತವರು ಬಂದು ಕಾಡುವುದನ್ನು ನಾವು ಬೇಕಾದಷ್ಟು ಕೇಳಿದ್ದೇವೆ. ಒಂದುಸಿರಪ್ಪನನ್ನು ಕಾಡಿದವನು ಗಟ್ಟಿಯಾಗಿ ಬದುಕಿದ್ದ, ಮೂರು ಮೈಲಿ ಆಚೆ ಜೈಲಿನ ಕಾರ್ಖಾನೆಯಲ್ಲಿ ಕಬ್ಬಿಣ ಉಜ್ಜಿಕೊಂಡಿದ್ದ. ಅವನು ಕಾವಲುಗಾರನನ್ನು ಕೊಂದನೋ ಇಲ್ಲವೋ ಒಂದುಸಿರಪ್ಪನಿಗೆ ಗೊತ್ತಿರಲಿಲ್ಲ. ಅದನ್ನು ಗೊತ್ತುಮಾಡುವ ದಾರಿಗೇ ತಾನು ಅಡ್ಡ ನಿಂತೆನಲ್ಲ ಎಂಬುದು ಮೊದಲು ಒಂದು ಸಣ್ಣ ಮುಳ್ಳಿನ ಹಾಗೆ ಚುಚ್ಚಿತು, ವರ್ಷ ಕಳೆದಂತೆ ಬೆಳೆಯಿತು. ನಿವೃತ್ತಿಯಾದ ಮೇಲಂತೂ ಹಗಲೆಲ್ಲ ಮನೆಯಲ್ಲಿ ಕೂತವನಿಗೆ ಅದೇ ಕೆಲಸವಾಯಿತು. ಒಲೆಯ ಮೇಲೆ ಪಾತ್ರೆ ಸದ್ದಾದರೆ, ನಲ್ಲಿಯಲ್ಲಿ ನೀರು ಬಂದರೆ, ಅದರೊಳಗಿಂದ ಆ ತಗ್ಗಿದ ದನಿ ಕೇಳುತ್ತಿತ್ತು. ನನ್ನ ಕಡೆಯಿಂದ ಯಾರಾದ್ರೂ ಬಂದಿದ್ದಾರಾ? ಅವನು ಎದ್ದು ಹೋಗಿ ಬಾಗಿಲು ತೆಗೆದು ನೋಡುತ್ತಿದ್ದ. ಮೆಟ್ಟಿಲಿನ ಮೇಲೆ ಯಾರೂ ಇರುತ್ತಿರಲಿಲ್ಲ. ಬಾಗಿಲು ಹಾಕಿ ಬಂದು ಕೂತರೆ, ಸರಿಯಾಗಿ ನೋಡಲಿಲ್ಲವೇನೋ ಎಂಬ ಸಂಶಯ ಹತ್ತುತ್ತಿತ್ತು.

“ಯಾರೂ ಇಲ್ಲ, ಬನ್ನಿ ಒಳಗೆ,” ಎನ್ನುತ್ತಿದ್ದಳು ಹೆಂಡತಿ. “ದಿನಕ್ಕೆ ಇಪ್ಪತ್ತು ಸಲ ಬಾಗಿಲು ತೆಗೆದ್ರೆ ಬಾಗಿಲಿಗೇ ನೆಗಡಿ ಆಗುತ್ತೆ.”

ಅವಳಿಗೆ ಇದೊಂದು ತಮಾಷೆ. ಅವನಿಗೆ ತಮಾಷೆಯಾಗಿರಲಿಲ್ಲ. ಆಸ್ಪತ್ರೆಗೆ ಹೋದರೆ ಕಾಯುವವರ ಸಾಲಿನ ಕೊನೆಯಲ್ಲಿ ಆ ಮುದುಕ ವಕೀಲರು ಚೀಲದ ಮೇಲೆ ಕೈಯಿಟ್ಟು ಕೂತಿರುತ್ತಿದ್ದರು. ಹತ್ತಿರ ಹೋದರೆ ಬೇರೆ ಯಾರೋ. ಆಸ್ಪತ್ರೆಗೆ ಹೋಗುವುದಂತೂ ತಪ್ಪುತ್ತಿರಲಿಲ್ಲ, ಏಕೆಂದರೆ ಅವನ ಶ್ವಾಸಕೋಶ ಕೆಟ್ಟಿತ್ತು. ಒಂದು ಮಹಡಿ ಹತ್ತಿದರೆ ಮೂರು ಕಡೆ ನಿಲ್ಲಬೇಕು. ನಾಲ್ಕು ಪದ ಆಡಿದರೆ ಐದನೆಯದಕ್ಕೆ ಉಸಿರು ಸಾಲದು. ಹಳೆಯ ಸಹೋದ್ಯೋಗಿಗಳು ದಾರಿಯಲ್ಲಿ ಸಿಕ್ಕಿದರೆ ಈಗಲೂ ಒಂದುಸಿರಪ್ಪ ಎಂದೇ ಕೂಗುತ್ತಿದ್ದರು, ಇವನು ಕೈಯೆತ್ತಿ ಸುಮ್ಮನಾಗುತ್ತಿದ್ದ.

ಹೀಗಿರುವಾಗ ನ್ಯಾಯಾಲಯದಿಂದ ಸಮನ್ಸ್ ಬಂತು. ಆ ಮುದುಕ ವಕೀಲರು ತೀರಿಕೊಂಡಿದ್ದರು. ಅವರ ಮಗಳೂ ವಕೀಲೆ, ಅಪ್ಪನ ಕಾಗದ ಪತ್ರ ತೆಗೆದು ನೋಡುವಾಗ ಅವತ್ತಿನ ದಿನಚರಿ ಸಿಕ್ಕಿತಂತೆ: ‘ಬೀಗದವನಿಗಾಗಿ ಹತ್ತರಿಂದ ಒಂದೂವರೆಯವರೆಗೆ ಠಾಣೆಯಲ್ಲಿ ಕಾದೆ. ನಾನು ಬೇಡವೆಂದನಂತೆ.’ ಅಷ್ಟೇ. ಯಾರು ಕಳಿಸಿದರೆಂದು ಬರೆದಿರಲಿಲ್ಲ. ಆಕೆ ಅದನ್ನು ಹಿಡಿದುಕೊಂಡು ಜೈಲಿಗೆ ಹೋಗಿ, ನೀವು ವಕೀಲರು ಬೇಡವೆಂದಿದ್ದು ನಿಜವೇ ಎಂದು ಕೇಳಿದಾಗ ಬೀಗದವನು, ಯಾವ ವಕೀಲರು, ಎಂದನಂತೆ. ಈಗ ಪ್ರಕರಣ ಮತ್ತೆ ತೆರೆದಿತ್ತು. ಹಾಳೆಯನ್ನು ತಿಳಿಯುವ ಹಾಗೆ ಓದಿದ್ದರು, ಅವನೇ ಬೇಡವೆಂದ ಎಂದು ಸಾಬೀತಾದರೆ ಬೀಗದವನು ಜೈಲಿನಲ್ಲೇ ಇರಬೇಕು. ಇಲ್ಲವಾದರೆ ಆ ಒಪ್ಪಿಗೆ ಹೇಳಿಕೆ ಬಿದ್ದುಹೋಗುತ್ತದೆ, ಹೇಳಿಕೆ ಬಿದ್ದರೆ ಅವನನ್ನು ಒಳಗಿಡಲು ಬೇರೆ ಆಧಾರವಿಲ್ಲ. ಸಾಹೇಬರು ಸತ್ತು ಏಳು ವರ್ಷವಾಗಿತ್ತು. ಆ ಕೋಣೆಯಲ್ಲಿದ್ದವರ ಪೈಕಿ ಉಳಿದವನು ಒಂದುಸಿರಪ್ಪ ಒಬ್ಬನೇ.

ಅವನು ಹೆಂಡತಿಗೆ ಎಲ್ಲವನ್ನೂ ಹೇಳಿದ್ದು ಆಗ. ಅವಳು ಕೈಯಲ್ಲಿದ್ದ ಬಟ್ಟೆಯನ್ನು ಮಡಿಸುವುದು ಬಿಟ್ಟು ಕೇಳಿದಳು. ಅವತ್ತಿನಿಂದ ಬಾಗಿಲಿನ ತಮಾಷೆ ನಿಂತುಹೋಯಿತು.

“ನಿಜ ಹೇಳಿದ್ರೆ ನಿಮಗೇನಾಗುತ್ತೆ?” ಎಂದಳು.

“ಸುಳ್ಳು ದಾಖಲೆಗೆ ಸಹಿ ಹಾಕಿದ್ದೀನಿ. ಜೈಲು.”

“ಈ ಉಸಿರಿಟ್ಕೊಂಡು?”

“ಅಲ್ಲಿ ಉಸಿರು ಇದೆಯಾ ಅಂತ ಕೇಳಿ ಒಳಗೆ ಬಿಡಲ್ಲ.”

ಅವಳು ನಗಲಿಲ್ಲ. ಹೋಗಿ ಅವನ ಬಿಳಿ ಅಂಗಿಗೆ ಇಸ್ತ್ರಿ ಹಾಕಿದಳು. ಏನು ಹೇಳಬೇಕೆಂದು ಮಾತ್ರ ಕೊನೆಗೂ ಹೇಳಿಕೊಡಲಿಲ್ಲ, ಅವಳು ಹೇಳಲಿ ಎಂದೇ ಅವನು ಕಾದಿದ್ದ.

ನ್ಯಾಯಾಲಯದ ಸಭಾಂಗಣ ಅವನು ಅಂದುಕೊಂಡದ್ದಕ್ಕಿಂತ ಚಿಕ್ಕದಾಗಿತ್ತು. ಬೀಗದವನು ಎದುರಿಗೇ ಇದ್ದ. ಕೂದಲು ಪೂರ್ತಿ ಬೆಳ್ಳಗಾಗಿತ್ತು, ಬೆರಳುಗಳು ಮಾತ್ರ ಈಗ ಸ್ವಚ್ಛವಾಗಿದ್ದವು. ಒಂದುಸಿರಪ್ಪನನ್ನು ನೋಡಿದ, ಗುರುತು ಹತ್ತಿದ ಹಾಗೆ ಕಾಣಲಿಲ್ಲ. ಹತ್ತೊಂಬತ್ತು ವರ್ಷ ಒಬ್ಬನನ್ನು ಹೊತ್ತುಕೊಂಡು ತಿರುಗಿದವನಿಗೆ ಇದು ಹೊಡೆದ ಹಾಗಾಯಿತು. ದಿವಂಗತ ವಕೀಲರ ಮಗಳು ಅವನ ಕೈಗೆ ಹಳೆಯ ಹಾಳೆ ಕೊಟ್ಟು, ಅವತ್ತು ಹೇಗೆ ಓದಿದ್ದಿರೋ ಹಾಗೆಯೇ ಓದಿ ತೋರಿಸಿ ಎಂದರು. ಠಾಣೆಯ ಓದು ಹೇಗಿರುತ್ತಿತ್ತೆಂದು ಆಕೆ ಯಾರಿಂದಲೋ ಕೇಳಿ ತಿಳಿದಿದ್ದರು. ಒಂದು ಸಲ ನ್ಯಾಯಾಧೀಶರ ಕಿವಿಗೆ ಅದು ಬಿದ್ದರೆ ಸಾಕೆಂಬುದು ಆಕೆಯ ನಂಬಿಕೆ.

ಒಂದುಸಿರಪ್ಪ ಎದೆ ತುಂಬ ಗಾಳಿ ಎಳೆದುಕೊಂಡ. ಮೊದಲ ವಾಕ್ಯದ ಅರ್ಧಕ್ಕೇ ಅದು ಖಾಲಿಯಾಯಿತು. ನಿಂತ, ಎಳೆದುಕೊಂಡ, ಮುಂದಿನ ಮೂರು ಪದ ಓದಿದ. ಮತ್ತೆ ನಿಂತ. ನಿಮಗೆ ಬೇಕಾದ. ವಕೀಲರನ್ನು. ಇಟ್ಟುಕೊಳ್ಳುವ ಹಕ್ಕು. ನಿಮಗಿದೆ. ಬೇಗ ಓದಬೇಕೆಂದು ಅವನು ಒದ್ದಾಡಿದಷ್ಟೂ ಎದೆ ಹಿಡಿದುಕೊಂಡಿತು, ಪದಗಳು ಇನ್ನಷ್ಟು ಬಿಡಿಬಿಡಿಯಾಗಿ ಬಿದ್ದವು. ಅಷ್ಟು ಸ್ಪಷ್ಟವಾಗಿ, ಅಷ್ಟು ಮನಮುಟ್ಟುವ ಹಾಗೆ ಆ ಹಾಳೆಯನ್ನು ಯಾರೂ ಎಂದೂ ಓದಿರಲಾರರು. ಹಿಂದಿನ ಸಾಲಿನಲ್ಲಿ ಒಬ್ಬಾಕೆ ಕಣ್ಣೊರೆಸಿಕೊಂಡಳು. ಓದು ಮುಗಿಯಲು ನಾಲ್ಕು ನಿಮಿಷ ಹಿಡಿಯಿತು. ಸರ್ಕಾರಿ ವಕೀಲರು ಸಂತೋಷದಿಂದ ಎದ್ದು, “ಇದಕ್ಕಿಂತ ಚೆನ್ನಾಗಿ ಯಾರಿಗಾದ್ರೂ ತಿಳಿಸಿ ಹೇಳೋದು ಹೇಗೆ ಸ್ವಾಮಿ?” ಎಂದರು. ವಕೀಲೆ ಬಿಳಿಚಿಕೊಂಡು ಮೇಜು ಹಿಡಿದು ನಿಂತಿದ್ದರು.

ಸುಮ್ಮನೆ ಇಳಿದು ಮನೆಗೆ ಹೋಗಬಹುದಿತ್ತು. ಅವನ ರೋಗವೇ ಅವನ ಪರವಾಗಿ ಸುಳ್ಳು ಹೇಳಿ ಮುಗಿಸಿತ್ತು, ಅವನು ತುಟಿ ಅಲ್ಲಾಡಿಸಬೇಕಾಗಿಯೂ ಇರಲಿಲ್ಲ. ಆ ಕ್ಷಣದಲ್ಲಿ ಅವನಿಗೆ ಅಷ್ಟು ಆಸೆಯಾಯಿತೆಂದರೆ ಕಟಕಟೆಯಿಂದ ಒಂದು ಕಾಲು ಕೆಳಗಿಟ್ಟೂ ಬಿಟ್ಟ. ಆಮೇಲೆ ಆ ಕಾಲನ್ನು ಮೇಲೆ ತೆಗೆದುಕೊಂಡು ಹೇಳಿದ:

“ನಾನು ಅವತ್ತು ಹೀಗೆ ಓದಲಿಲ್ಲ.”

ನ್ಯಾಯಾಧೀಶರು ಕೈಯೆತ್ತಿ ತಡೆದರು. ತೆಳ್ಳಗಿನ, ನಿಧಾನದ ಮನುಷ್ಯ. “ತಾಳಿ. ಮುಂದೆ ನೀವು ಹೇಳೋದ್ರಿಂದ ನಿಮ್ಮ ಮೇಲೇ ಕೇಸ್ ಆಗಬಹುದು. ಹೇಳದೆ ಇರೋ ಹಕ್ಕು ನಿಮಗಿದೆ. ಮೊದಲು ಒಬ್ಬ ವಕೀಲರ ಹತ್ತಿರ ಮಾತಾಡೋ ಹಕ್ಕೂ ಇದೆ. ನಾನು ಹೇಳಿದ್ದು ತಿಳೀತಾ ನಿಮಗೆ? ಅರ್ಧ ಗಂಟೆ ತಗೊಳ್ಳಿ.”

ಅವನನ್ನು ಪಕ್ಕದ ಕೋಣೆಗೆ ಕಳಿಸಿ, ಅವತ್ತು ಪಾಳಿಯಲ್ಲಿದ್ದ ಒಬ್ಬ ವಕೀಲರನ್ನು ಜೊತೆ ಮಾಡಿದರು. ದಪ್ಪಗಿನ ಆಸಾಮಿ, ಕೋಟಿನ ಮೇಲೆ ಬಿಸ್ಕತ್ತಿನ ಪುಡಿ. ಅವರು ಮಾಡಿದ ಮೊದಲ ಕೆಲಸವೆಂದರೆ ಬಾಗಿಲು ಮುಚ್ಚಿದ್ದು. ಎರಡನೆಯದು, ಮೇಜಿನ ಆಚೆಗಿದ್ದ ಕುರ್ಚಿಯನ್ನು ಈಚೆಗೆ ಎಳೆದುಕೊಂಡು ಒಂದುಸಿರಪ್ಪನ ಪಕ್ಕದಲ್ಲಿ ಕೂತದ್ದು. ಇಂಥ ಕೋಣೆಗಳಲ್ಲಿ ಒಂದು ಆಯುಷ್ಯ ಕಳೆದವನು ಅವನು, ಜನ ಎದುರಿಗೆ ಕೂರುವುದನ್ನು ಮಾತ್ರ ಕಂಡಿದ್ದ.

“ನೀರು ಕುಡೀರಿ ಮೊದಲು. ಅವಸರ ಏನೂ ಇಲ್ಲ. ಇಲ್ಲಿ ಹೇಳಿದ್ದು ಇಲ್ಲೇ ಇರುತ್ತೆ.”

ಒಂದುಸಿರಪ್ಪ ಹೇಳಿದ. ಉಸಿರು ಸಿಕ್ಕಿಕೊಂಡಾಗೆಲ್ಲ ವಕೀಲರು ಕಾದರು. ನಡುವೆ ಒಂದೆರಡು ಪ್ರಶ್ನೆ ಕೇಳಿದರು, ಯಾವುದರಲ್ಲೂ ಗದರಿಕೆ ಇರಲಿಲ್ಲ. ಅವನ ಭುಜ ತಾನಾಗಿ ಸಡಿಲವಾಯಿತು. ಮುಂಜಾನೆಯಿಂದ ಮಂಜು ಕವಿದಂತಿದ್ದ ತಲೆ ತಿಳಿಯಾಯಿತು, ಏನು ನಡೆದಿತ್ತು, ಯಾವುದರ ಹಿಂದೆ ಯಾವುದು ಎಂಬುದು ಸಾಲಾಗಿ ಕಂಡಿತು. ಭಯ ಹೋಗಿರಲಿಲ್ಲ, ಆದರೆ ಅದರ ಅರ್ಧ ಭಾರವನ್ನು ಈ ಬಿಸ್ಕತ್ತಿನ ಮನುಷ್ಯ ಹೊತ್ತುಕೊಂಡಿದ್ದ.

“ನೋಡಿ,” ಎಂದರು ವಕೀಲರು, “ನಮ್ಮಪ್ಪ ನಿಮ್ಮ ಜಾಗದಲ್ಲಿ ಕೂತಿದ್ರೂ ಇದನ್ನೇ ಹೇಳ್ತಿದ್ದೆ. ಒಳಗೆ ಹೋಗಿ, ಉತ್ತರ ಕೊಡೋಕೆ ಇಷ್ಟ ಇಲ್ಲ ಅನ್ನಿ. ನೀವು ಬಾಯಿ ಬಿಡದಿದ್ರೆ ನಿಮ್ಮ ಮೇಲೆ ಏನೂ ನಿಲ್ಲಲ್ಲ.”

ಒಂದುಸಿರಪ್ಪ ಅಳುತ್ತಿದ್ದ. ವಕೀಲರು ಹೆದರಿಕೆಯೆಂದುಕೊಂಡು ಬೆನ್ನ ಮೇಲೆ ಕೈಯಿಟ್ಟರು. ಹೆದರಿಕೆಯಾಗಿರಲಿಲ್ಲ. ಸಾವಿರ ಸಲ ಅವನು ಆ ವಾಕ್ಯವನ್ನು ಬಾಯಿಂದ ಉದುರಿಸಿದ್ದ, ವಕೀಲರನ್ನು ಇಟ್ಟುಕೊಳ್ಳುವ ಹಕ್ಕು. ಅದೊಂದು ಕಾಗದದ ವಿಷಯ ಎಂದುಕೊಂಡಿದ್ದ. ಅದೆಂದರೆ ಇದು ಎಂದು ಅವನಿಗೆ ಗೊತ್ತಿರಲಿಲ್ಲ. ಬಾಗಿಲು ಮುಚ್ಚಿ ಪಕ್ಕಕ್ಕೆ ಬಂದು ಕೂತು ಅವಸರವಿಲ್ಲ ಎನ್ನುವ ಒಬ್ಬ ಮನುಷ್ಯ. ಮೂವತ್ತು ವರ್ಷದ ಆ ಸಣಕಲು ಆಳಿಗೂ ಇದು ಹತ್ತು ಹೆಜ್ಜೆ ಆಚೆ, ಬೆಂಚಿನ ಮೇಲೆ, ಮೂರೂವರೆ ಗಂಟೆ ಹೊತ್ತು ಕಾದಿತ್ತು.

“ನಿಮ್ಮಿಂದ ತುಂಬಾ ಉಪಕಾರ ಆಯ್ತು ಸರ್,” ಎಂದು ಎದ್ದ. “ನಾನು ಹೇಳ್ತೀನಿ.”

ವಕೀಲರು ಒಮ್ಮೆ ನಿಟ್ಟುಸಿರು ಬಿಟ್ಟರು, ಆದರೆ ಅವನ ತೋಳು ಹಿಡಿದುಕೊಂಡು ಜೊತೆಗೇ ಬಂದು ಕಟಕಟೆಯ ಪಕ್ಕದಲ್ಲಿ ನಿಂತರು.

ಅವನು ಎಲ್ಲವನ್ನೂ ಹೇಳಿದ. ಹತ್ತೊಂಬತ್ತು ಸೆಕೆಂಡು, ಬೀಗದವನು ಕೇಳಿದ ಪ್ರಶ್ನೆ, ತಾನು ಹಾಳೆಯ ಮೇಲಿಟ್ಟ ಬೆರಳು, ಹೊರಗೆ ಹೋಗಿ ಹೇಳಿದ ಸುಳ್ಳು. ವಕೀಲರು ಬೇಡವೆಂದು ಬೀಗದವನು ಹೇಳಲೇ ಇಲ್ಲ ಎಂದ. ಬೆರಳಚ್ಚುಗಾರ ಪ್ರತಿ ಪದವನ್ನೂ ಟೈಪ್ ಮಾಡಿಕೊಂಡ. ನ್ಯಾಯಾಧೀಶರು, ಬೀಗದವನಿಂದ ಹೀಗೆ ಪಡೆದ ಹೇಳಿಕೆಯನ್ನು ಈ ನ್ಯಾಯಾಲಯ ಹೇಳಿಕೆಯೆಂದು ಕರೆಯುವುದಿಲ್ಲ, ಬಿಡುಗಡೆಯ ಆದೇಶವನ್ನು ಮಧ್ಯಾಹ್ನವೇ ಬರೆಸುತ್ತೇನೆ ಎಂದರು. ವಕೀಲೆ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಒಂದುಸಿರಪ್ಪನ ಮೇಲಿನ ಪ್ರಕರಣ ಬೇರೆ ದಿನ ಬೇರೆ ನ್ಯಾಯಾಲಯದಲ್ಲಿ ಎಂದಾಯಿತು. ಅವನಿಗೆ ಅದು ಸರಿಯಾಗಿ ಕೇಳಿಸಲೂ ಇಲ್ಲ. ಒಂದು ಮಾತು ಇನ್ನೂ ಉಳಿದಿತ್ತು, ಅದನ್ನು ನ್ಯಾಯಾಧೀಶರಿಗೆ ಹೇಳಿ ಪ್ರಯೋಜನವಿರಲಿಲ್ಲ. ಅವನು ನೇರವಾಗಿ ಬೀಗದವನ ಕಡೆ ತಿರುಗಿದ. ಯಾರೂ ತಡೆಯಲಿಲ್ಲ.

“ಆ ವಕೀಲರನ್ನ ಕಳಿಸಿದ್ದು ನಿಮ್ಮಣ್ಣ,” ಎಂದ. “ಅಣ್ಣ ಕಳಿಸಿದ್ದಾನೆ ಅಂತ ನಿಮಗೆ ಹೇಳೋಕೆ ಹೇಳಿದ್ರು. ನಾನು ಹೇಳಲಿಲ್ಲ. ನೀವು ಬೇಡ ಅಂದ್ರಿ ಅಂತ ಅವರಿಗೆ ಹೇಳಿ ಕಳಿಸಿದೆ. ನಿಮ್ಮಣ್ಣನಿಗೂ ಅದೇ ಮಾತು ಮುಟ್ಟಿರುತ್ತೆ.”

ಬೀಗದವನು ಕೈಗಂಬಿ ಹಿಡಿದು ನಿಂತಿದ್ದ. ಬಿಡುಗಡೆ ಎಂದಾಗಲೂ ಅಲ್ಲಾಡದ ಮುಖ ಅದು. ಈಗ ಅದರಲ್ಲಿ ಏನೋ ಮೆಲ್ಲಗೆ ಕುಸಿಯತೊಡಗಿತು. ಅವನು ಬಹಳ ಹೊತ್ತು ಒಂದುಸಿರಪ್ಪನನ್ನು ನೋಡಿದ, ಸಿಟ್ಟಿನಿಂದಲ್ಲ, ದೂರದಲ್ಲಿರುವ ಯಾರನ್ನೋ ಗುರುತು ಹಿಡಿಯಲು ನೋಡುವವನ ಹಾಗೆ.

“ಅಣ್ಣ ತೀರ್ಕೊಂಡು ನಾಲ್ಕು ವರ್ಷ ಆಯ್ತು,” ಎಂದ. “ಕೊನೇ ಸಲ ಮುಖ ನೋಡಿ ಬಾ ಅಂತ ಜೈಲಿನವರು ಒಂದು ದಿನ ರಜೆ ಕೊಟ್ಟಿದ್ರು. ನಾನು ಹೋಗಲ್ಲ ಅಂದೆ.”